ಹನ್ನೆರಡು ಕಾಳು

ಆಳಂದದ ವೃದ್ಧಾಶ್ರಮದಲ್ಲಿ ಯಾವ ಮಾತು ಇತ್ಯರ್ಥವಾಗಬೇಕಾದರೂ ಸೋಮವಾರದ ತನಕ ಕಾಯಬೇಕಿತ್ತು. ಸೋಮವಾರ ಮಧ್ಯಾಹ್ನದ ಊಟ ಮುಗಿದು, ತಾಟು ತೊಳೆದು ಬೋರಲು ಹಾಕಿದ ಮೇಲೆ ಬೇವಿನ ಗಿಡದ ಕೆಳಗೆ ಬೈಠಕ್ ಕೂಡುತ್ತಿತ್ತು. ಏಳು ಹೆಂಗಸರು, ಐದು ಗಂಡಸರು. ಒಬ್ಬೊಬ್ಬರ ಕೈಗೂ ಒಂದು ಜೋಳದ ಕಾಳು, ಒಂದು ತೊಗರಿ ಕಾಳು. ಹೌದು ಎನ್ನುವವರು ಜೋಳ ಹಾಕಬೇಕು, ಬೇಡ ಎನ್ನುವವರು ತೊಗರಿ. ಗಡಿಗೆಯ ಬಾಯಿಗೆ ಟವೆಲು ಹೊದಿಸಿರುತ್ತಿದ್ದರು. ಅದರೊಳಗೆ ಕೈ ತೂರಿಸಿ ಒಂದು ಕಾಳು ಬಿಟ್ಟು, ಉಳಿದದ್ದನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಹೋಗಿ ಅಂಗಳದ ಗುಬ್ಬಿಗಳಿಗೆ ಎರಚಬೇಕು.

ಈ ಪದ್ಧತಿ ಹಾಕಿಕೊಟ್ಟವನು ಧರ್ಮಣ್ಣ. ಆತ ಮೂವತ್ತೆಂಟು ವರ್ಷ ಆಳಂದದ ಗಂಜ್ ಮಾರುಕಟ್ಟೆಯಲ್ಲಿ ಕಾಳು ತೂಗಿದವನು. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸುವುದನ್ನು ದಿನಾ ನೋಡಿದವನು. ಬಾಯಿ ತೆರೆದರೆ ಜಗಳ, ಬೆರಳು ಹಿಡಿದರೆ ವ್ಯವಹಾರ ಎಂಬುದು ಆತನ ಅನುಭವ. ಆಶ್ರಮ ಶುರುವಾದ ಮೊದಲ ವರ್ಷ ರಾತ್ರಿಗೆ ರೊಟ್ಟಿಯೋ ಅನ್ನವೋ ಎಂಬ ಮಾತಿಗೆ ಮೂರು ದಿನ ಬೈದಾಟ ನಡೆದು, ಇಬ್ಬರು ಉಪವಾಸ ಮಲಗಿದಾಗ, ಆತನೇ ಗಡಿಗೆ ತಂದಿಟ್ಟ. ಎಣಿಸುವುದೂ ಆತನ ಕೆಲಸವಾಯಿತು. ಎಣಿಸಿದ ಮೇಲೆ ಯಾವುದು ಹೆಚ್ಚು ಎಂದಷ್ಟೇ ಹೇಳುತ್ತಿದ್ದ. ಎಷ್ಟಕ್ಕೆ ಎಷ್ಟು ಎಂದು ಹೇಳುತ್ತಿರಲಿಲ್ಲ.

"ಹತ್ತಕ್ಕ ಎರಡು ಅಂತ ಹೇಳಿದ್ರ, ಆ ಎರಡು ಯಾರವು ಅಂತ ಹುಡುಕ್ತಾರ," ಎನ್ನುತ್ತಿದ್ದ. "ಒಂದೇ ಒಲಿ ಮ್ಯಾಲಿನ ರೊಟ್ಟಿ ತಿನ್ನೋ ಮಂದಿ ನಾವು."

ಆರು ವರ್ಷ ಈ ಗಡಿಗೆಯಿಂದಲೇ ಮನೆ ನಡೆಯಿತು. ಹಳೆಯ ಹತ್ತಿ ಗೋದಾಮನ್ನು ಸುಣ್ಣ ಹೊಡೆದು ಮಾಡಿದ ಮನೆ ಅದು. ಕಾಳು ಹಸನು ಮಾಡುವವರು ಯಾರು, ಕೈಪಂಪಿನಿಂದ ನೀರು ತರುವವರು ಯಾರು, ರೇಡಿಯೋ ಎಷ್ಟು ಹೊತ್ತಿಗೆ ಬಂದ್ ಆಗಬೇಕು, ಎಲ್ಲವೂ ಕಾಳಿನ ಮೇಲೆ. ನರೋಣಾದಲ್ಲಿ ಒಂದು ಕಾಲಕ್ಕೆ ಆಳುಗಳನ್ನು ಇಟ್ಟು ಹೊಲ ಮಾಡಿಸಿದ ದೊಡ್ಡಪ್ಪ ಎಂಬಾತ, ಬಂದ ಹೊಸತಿನಲ್ಲಿ ತನ್ನ ತಾಟು ತಾನು ತೊಳೆಯಲು ಒಪ್ಪಿರಲಿಲ್ಲ. ಗಡಿಗೆ ಹೇಳಿದ ಮೇಲೆ ತೊಳೆದ.

ಮೇಲ್ವಿಚಾರಕ ಗುರಣ್ಣನಿಗೂ ಆತನ ಹೆಂಡತಿ ಶರಣಬಸಮ್ಮನಿಗೂ ಕಾಳು ಇರಲಿಲ್ಲ. ಅವರಿಬ್ಬರೂ ನಲವತ್ತರ ಆಸುಪಾಸಿನವರು, ಸಂಬಳಕ್ಕೆ ಇದ್ದವರು, ಗೋದಾಮಿನ ಮೂಲೆಯ ಖೋಲಿಯಲ್ಲಿ ಸಂಸಾರ. ಅಲ್ಲಿದ್ದ ಹಿರಿಯರನ್ನೆಲ್ಲ ಕಾಕಾ, ಕಾಕು ಎಂದೇ ಕರೆಯುತ್ತಿದ್ದರು.

ಮನೆಗೆ ಇಲ್ಲದ್ದು ಒಂದು, ಸಂಡಾಸ. ರಸ್ತೆ ದಾಟಿ ಹಳ್ಳದ ಜಾಲಿ ಕಂಟಿಗಳ ಕಡೆಗೆ ತಂಬಿಗೆ ಹಿಡಿದು ಹೋಗಬೇಕಿತ್ತು. ೧೯೮೮ರ ಶ್ರಾವಣದಲ್ಲಿ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಧರ್ಮಣ್ಣ ಹಳ್ಳದ ದಂಡೆಯ ಎರೆಮಣ್ಣಿನಲ್ಲಿ ಜಾರಿ ಬಿದ್ದ. ಆಶ್ರಮದವಳೇ ಆದ ಹಜರಾಬಿ ಅದನ್ನು ನೋಡಿ ಮೊದಲು ಕೂಗಿದಳು. ಹಗ್ಗದ ಹೊರಸಿನ ಮೇಲೆ ಹೊತ್ತು ತಂದರು. ಗುಲ್ಬರ್ಗದಲ್ಲಿ ಎಕ್ಸ್‌ರೇ ತೆಗೆಸಿದಾಗ ಸೊಂಟದ ಎಲುಬು ಮುರಿದಿದೆ, ಎಪ್ಪತ್ತೊಂದರ ವಯಸ್ಸಿಗೆ ಕೂಡುವುದು ಕಷ್ಟ ಎಂದರು. ಅಂದಿನಿಂದ ಆತ ಪಡಸಾಲೆಯ ಹೊರಸಿನಲ್ಲೇ. ಬೇವಿನ ಕೆಳಗಿನ ಬೈಠಕ್ ಆತನ ಹೊರಸಿನ ಸುತ್ತ ಬಂತು. ಇದಕ್ಕೆ ಮಾತ್ರ ಯಾರೂ ಕಾಳು ಕೇಳಲಿಲ್ಲ.

ಆ ದಿನಗಳಲ್ಲಿ ಆಶ್ರಮದವರು ಆತನನ್ನು ನೋಡಿಕೊಂಡ ರೀತಿಯನ್ನು ಆತ ಮರೆಯಲಿಲ್ಲ. ಮುಂದೆ ಅದೇ ಆತನ ಲೆಕ್ಕ ತಪ್ಪಿಸಿತು. ಹಜರಾಬಿ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದುಕೊಟ್ಟಳು. ಬಸ್‌ಸ್ಟ್ಯಾಂಡಿನ ಹತ್ತಿರ ನಲವತ್ತು ವರ್ಷ ಬಟ್ಟೆ ಹೊಲಿದಿದ್ದ ರಸೂಲ, ದಿನಾ ಸಂಜೆ ಹೊರಸಿನ ಪಕ್ಕ ಚೌಕಾಬಾರಾದ ಮನೆ ಗೀರಿ ಕೂಡುತ್ತಿದ್ದ. ಆತನ ಕವಡೆಗೆ ಬೇಕಾದಾಗೆಲ್ಲ ಎಂಟು ಬೀಳುತ್ತಿತ್ತು.

"ತೂಕದಾಗ ಯಾರಿಗೂ ಮೋಸ ಮಾಡಲಿಲ್ಲ ನಾ. ನೀ ಮಾತ್ರ ಎಷ್ಟ ಮಂದಿ ಬಟ್ಟಿ ಕದ್ದಿಯೋ," ಎಂದು ಧರ್ಮಣ್ಣ ಕೆಣಕುತ್ತಿದ್ದ.

"ಕದ್ದ ಬಟ್ಟಿ ಇದ್ದಿದ್ರ ನನ್ನ ಅಂಗಿ ಹಿಂಗ್ಯಾಕ ಇರ್ತಿತ್ತಲೇ," ಎಂದು ರಸೂಲ ತೇಪೆ ತೋರಿಸುತ್ತಿದ್ದ.

ಮಲ್ಕಮ್ಮ ರೊಟ್ಟಿ ಬಡಿಯುವವಳು. ಅರವತ್ತಾರರ ಹೆಣ್ಣು, ಮಾತು ಕಡಿಮೆ. ಧರ್ಮಣ್ಣನ ರೊಟ್ಟಿಯನ್ನು ಮಾತ್ರ ಕಟಕಾಗಿ ಒಣಗಲು ಬಿಡದೆ ಮೆತ್ತಗೆ ತೆಗೆದು, ಬಿಸಿ ಇರುವಾಗಲೇ ಹಾಲಿನಲ್ಲಿ ಮುರಿದು ತಂದು ಬಾಯಿಗೆ ಕೊಡುತ್ತಿದ್ದಳು. ಗುರಣ್ಣ ಊರಿಗೆ ಹೋದ ದಿನ ಮಲಮೂತ್ರದ ತಗಡಿನ ಪಾತ್ರೆ ಇಟ್ಟು ತೆಗೆಯುವ ಕೆಲಸವೂ ಅವಳದೇ. ಆಗ ಧರ್ಮಣ್ಣ ಗೋಡೆಯ ಕಡೆ ಮುಖ ಮಾಡುತ್ತಿದ್ದ.

"ತಂಗಿ ಮುಂದ ಏನ ನಾಚಿಕಿ. ಈ ಕಡಿ ಹೊಳ್ಳು," ಎಂದಿದ್ದಳು ಒಮ್ಮೆ. ಅಂದಿನಿಂದ ಆತ ಅವಳನ್ನು ತಂಗಿ ಎಂದೇ ಕರೆದ.

ದಸರೆಯ ಹೊತ್ತಿಗೆ ಧರ್ಮಣ್ಣ ಮಲಗಿದಲ್ಲೇ ಒಂದು ಅರ್ಜಿ ಹೇಳಿ ಬರೆಸಿದ. ಬರೆದವನು ಗುರಣ್ಣ. ಹಳ್ಳಕ್ಕೆ ಎಷ್ಟು ಹೆಜ್ಜೆ, ರಸ್ತೆಯಲ್ಲಿ ಎಷ್ಟು ಲಾರಿ, ಯಾವ ತಾರೀಖಿಗೆ ಯಾರು ಎಲ್ಲಿ ಬಿದ್ದರು, ಎಲ್ಲ ಇತ್ತು. ಗುಲ್ಬರ್ಗದಲ್ಲಿ ಇಂಥ ಕೆಲಸಕ್ಕೆ ಹಣ ಕೊಡುವ ಒಂದು ಸಂಸ್ಥೆಗೆ ಕಳಿಸಿದರು. ಕಳಿಸುವ ಮೊದಲು ಬೈಠಕ್‌ನಲ್ಲಿ ಓದಿಸಿದಾಗ ಎಲ್ಲರೂ ತಲೆದೂಗಿದರು. ಮಲ್ಕಮ್ಮ ಏನೋ ಹೇಳಲು ಬಾಯಿ ತೆರೆದವಳು, ಗಂಡಸರ ಕಡೆ ನೋಡಿ ಸುಮ್ಮನಾದಳು.

ಉತ್ತರ ಬಂದದ್ದು ಎಳ್ಳ ಅಮಾವಾಸ್ಯೆ ಮುಗಿದ ಮೂರನೆಯ ದಿನ. ಹಬ್ಬದ ಭಜ್ಜಿ ಪಲ್ಯ ಇನ್ನೂ ಉಳಿದಿತ್ತು. ಗುರಣ್ಣ ಪತ್ರವನ್ನು ಒಬ್ಬನೇ ಓದಿ, ಹೆಂಡತಿಗೆ ಓದಿ ಹೇಳಿ, ಆಮೇಲೆ ಪಡಸಾಲೆಗೆ ಬಂದು ಧರ್ಮಣ್ಣನ ಹೊರಸಿನ ಮೇಲೆ ಕುಳಿತ.

ಎರಡು ಸಂಡಾಸ, ಒಂದು ಬಚ್ಚಲು, ನೀರಿನ ಟಾಕಿ, ನಳ, ಪಡಸಾಲೆಯಿಂದ ಅಲ್ಲಿಯ ತನಕ ಸಿಮೆಂಟಿನ ಹಾದಿ, ಗೋಡೆಗೆ ಹಿಡಿಕೆ. ಕೇಳಿದ್ದೆಲ್ಲ ಮಂಜೂರಾಗಿತ್ತು. ಕೆಳಗೆ ಒಂದು ಶರತ್ತು: ಅರ್ಜಿಯಲ್ಲಿ ಹೇಳಿದ ಅಪಘಾತವನ್ನು ಗಮನಿಸಲಾಗಿದೆ, ರೋಗಿಗಳ ಆರೈಕೆಗೆ ನಿಮ್ಮಲ್ಲಿ ಸಿಬ್ಬಂದಿ ಇಲ್ಲ, ಆದ್ದರಿಂದ ಸ್ವತಃ ಎದ್ದು ಓಡಾಡಲಾರದವರನ್ನು ಆಶ್ರಮದಲ್ಲಿ ಇರಿಸಿಕೊಳ್ಳಕೂಡದು, ಈಗ ಇರುವವರನ್ನು ಕಾಮಗಾರಿ ಮುಗಿಯುವುದರೊಳಗೆ ಸಂಬಂಧಿಕರಿಗೆ ಒಪ್ಪಿಸತಕ್ಕದ್ದು.

ಧರ್ಮಣ್ಣ ಪತ್ರ ಕೇಳಿ ನಕ್ಕ. "ನಾ ಬಿದ್ದದ್ದಕ್ಕೇ ಸಂಡಾಸ ಬಂತು. ನಾ ಬಿದ್ದದ್ದಕ್ಕೇ ನನಗಿಲ್ಲ."

"ನಾ ಹೊಳ್ಳಿ ಬರೀತೇನಿ ಕಾಕಾ," ಎಂದ ಗುರಣ್ಣ. "ಈ ಒಬ್ಬರನ್ನ ಬಿಡ್ರಿ, ಇನ್ನ ಮ್ಯಾಲ ಅಂಥವರನ್ನ ತಗೊಳ್ಳಂಗಿಲ್ಲ ಅಂತ ಕೈಕಾಲು ಹಿಡೀತೇನಿ."

"ಇಲ್ಲಾ ಅಂದ್ರ?"

"ಇಲ್ಲಾ ಅಂದ್ರ ಸಂಡಾಸೂ ಇಲ್ಲ."

"ಹಂಗಾದ್ರ ಅದು ನೀ ಒಬ್ಬ ಬರಿಯೋ ಮಾತಲ್ಲ. ಸೋಮವಾರ ಗಡಿಗಿ ಇಡು."

ಬಾಗಿಲಲ್ಲಿ ನಿಂತಿದ್ದ ಶರಣಬಸಮ್ಮ ಒಳಗೆ ಬಂದಳು. ನಾಲ್ಕು ತಿಂಗಳಿಂದ ಆತನ ಹಾಸಿಗೆ ಬಟ್ಟೆ ಒಗೆಯುತ್ತಿದ್ದವಳು ಅವಳು. ಒಗೆಯುವಾಗ ಗೊಣಗುತ್ತಿದ್ದಳು, ಕೇಳುವ ಹಾಗೆಯೇ ಗೊಣಗುತ್ತಿದ್ದಳು.

"ಕಾಕಾ, ಬ್ಯಾಡ್ರಿ. ರೊಟ್ಟಿ, ಅನ್ನ, ರೇಡಿಯೋ ಗಡಿಗ್ಯಾಗ ಹಾಕ್ರಿ. ಮನಷ್ಯಾನ್ನ ಹಾಕಬ್ಯಾಡ್ರಿ."

"ನೀ ನನ್ನ ಬಟ್ಟಿ ಒಗ್ಯೋದು ತಪ್ಪಲಿ ಅಂತ ದೇವರಿಗೆ ಹರಕಿ ಹೊತ್ತಾಕಿ. ನಿನಗ್ಯಾಕ ಚಿಂತಿ?" ಎಂದು ಧರ್ಮಣ್ಣ ಚೇಷ್ಟೆ ಮಾಡಿದ.

"ಹರಕಿ ಖರೇ. ಒಗೀತೇನಿ ಅನ್ನೋದೂ ಖರೇ," ಎಂದಳು ಅವಳು ನಗದೆ. "ಇವರು ಪತ್ರ ಬರೀಲಿ. ನೀವು ಸುಮ್ಮ ಮಲಗ್ರಿ."

ಧರ್ಮಣ್ಣ ಕೇಳಲಿಲ್ಲ. ತನ್ನ ವಿಷಯ ಬಂದಾಗ ಪದ್ಧತಿ ಬಿಟ್ಟರೆ ಆರು ವರ್ಷದ ಗಡಿಗೆಗೆ ಏನು ಬೆಲೆ ಎಂದ. ಅದು ಬಾಯಿ ಮಾತು. ಒಳಗೆ ಆತ ಆಗಲೇ ಎಣಿಸಿದ್ದ. ಮಲ್ಕಮ್ಮ, ರಸೂಲ, ಹಜರಾಬಿ ತೊಗರಿ. ದೊಡ್ಡಪ್ಪ ಜೋಳ ಹಾಕಿಯಾನು, ಆತನ ಸ್ವಭಾವ ಹಾಗೆ. ಮಿಕ್ಕವರಲ್ಲಿ ಮೂವರು ಆ ಕಡೆ ಹೋದರೂ ತೊಗರಿ ಎಂಟಕ್ಕೆ ಕಡಿಮೆಯಾಗದು. ಎಂಟು ಕಾಳು ಗಡಿಗೆಯಲ್ಲಿ ಬಿದ್ದ ಮೇಲೆ ಯಾರೂ ಆತನನ್ನು ದಯೆಯಿಂದ ಇಟ್ಟುಕೊಂಡಿದ್ದೇವೆ ಎನ್ನುವಂತಿಲ್ಲ. ಅದು ಆತನಿಗೆ ಬೇಕಿತ್ತು.

ಜನವರಿ ಹದಿನಾರು, ಸೋಮವಾರ. ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಮಲ್ಕಮ್ಮ ಹಾಲು ರೊಟ್ಟಿ ತಂದು ಕೊಟ್ಟಳು. ದಿನದಂತೆಯೇ ಕೊಟ್ಟಳು. ತಾಟುಗಳು ಬೋರಲು ಬಿದ್ದವು. ಗುರಣ್ಣ ಪತ್ರವನ್ನು ಎರಡು ಸಲ ಓದಿ, ಪ್ರಶ್ನೆ ಹೇಳಿದ: ಶರತ್ತು ಒಪ್ಪಿ ಸಂಡಾಸ ಕಟ್ಟಿಸುವುದಾದರೆ ಜೋಳ, ಶರತ್ತು ಬೇಡ, ಸಂಡಾಸವೂ ಬೇಡ ಎಂದರೆ ತೊಗರಿ. ಯಾರಾದರೂ ಮಾತಾಡುವುದಿದ್ದರೆ ಮಾತಾಡಿ ಎಂದ.

ರಸೂಲ ಕೆಮ್ಮಿ, "ಮಾತಾಡೋದೇನದ, ಎಲ್ಲಾರಿಗೂ ಗೊತ್ತದ," ಎಂದ. ಧರ್ಮಣ್ಣನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಗಡಿಗೆ ಹೊರಸಿನ ತಲೆದೆಸೆಯ ಹತ್ತಿರವೇ ಇತ್ತು. ಮೊದಲ ಕಾಳು ಧರ್ಮಣ್ಣನೇ ಬಿಟ್ಟ, ತೊಗರಿ. ಆಮೇಲೆ ಹನ್ನೊಂದು ಕೈಗಳು ಒಂದೊಂದಾಗಿ ಆತನ ಮುಖದ ಒಂದು ಗೇಣು ದೂರದಲ್ಲಿ ಟವೆಲಿನೊಳಗೆ ಹೋಗಿ ಹೊರಬಂದವು. ಹಜರಾಬಿಯ ಬೆರಳಿಗೆ ಸೂಜಿಯ ಗಾಯ. ಮಲ್ಕಮ್ಮನ ಉಗುರಿನಲ್ಲಿ ಹಿಟ್ಟು. ದೊಡ್ಡಪ್ಪ ಕೈ ಹಾಕಿ ತಡಮಾಡಿದ. ಗುಬ್ಬಿಗಳು ಅಂಗಳದಲ್ಲಿ ಉಳಿದ ಕಾಳಿಗೆ ಕಿತ್ತಾಡಿದವು.

ಧರ್ಮಣ್ಣ ಎಂದೂ ಕಾಳನ್ನು ಹೊರಗೆ ಸುರುವುತ್ತಿರಲಿಲ್ಲ. ಟವೆಲಿನ ಕೆಳಗೆ ಬೆರಳಿನಿಂದಲೇ ಎಣಿಸುತ್ತಿದ್ದ. ಮೂವತ್ತೆಂಟು ವರ್ಷದ ಬೆರಳು. ಜೋಳ ಜಾರುತ್ತದೆ, ತೊಗರಿ ತುಸು ದಪ್ಪ, ಒಂದು ಕಡೆ ಕಣ್ಣು ತಾಗುತ್ತದೆ. ಒಂದು ಜೋಳ, ಎರಡು ಜೋಳ, ಮೂರು. ನಾಲ್ಕನೆಯದು ತೊಗರಿ. ಐದು, ಆರು, ಏಳು ಜೋಳ. ಹನ್ನೆರಡೂ ಆದವು. ಮತ್ತೊಮ್ಮೆ ಎಣಿಸಿದ. ಮೂರನೆಯ ಸಲ ಗಡಿಗೆಯ ತಳದಲ್ಲಿ ಕಾಳು ಅಂಟಿಕೊಂಡಿದೆಯೇ ಎಂದು ಬೆರಳು ತಿರುವಿ ನೋಡಿದ.

ಹನ್ನೊಂದು ಜೋಳ. ಒಂದು ತೊಗರಿ.

"ಏನಾಯ್ತ್ರಿ ಕಾಕಾ?" ಎಂದ ಗುರಣ್ಣ.

"ಜ್ವಾಳ ಹೆಚ್ಚದ," ಎಂದ ಧರ್ಮಣ್ಣ. ಗಂಜಿನಲ್ಲಿ ದರ ಕೂಗುವ ದನಿಯಲ್ಲೇ ಹೇಳಿದ.

ಹಜರಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ರಸೂಲ ತಲೆ ತಗ್ಗಿಸಿದ. ಒಬ್ಬೊಬ್ಬರೇ ಎದ್ದು ಹೋದರು. ಎಣಿಸಿದ ಕಾಳು ಅಡಿಗೆಮನೆಗೆ ಹೋಗುವುದು ವಾಡಿಕೆ. ಆ ದಿನ ಧರ್ಮಣ್ಣ ಅವನ್ನು ತನ್ನ ಸುಣ್ಣದ ಖಾಲಿ ಡಬ್ಬಿಗೆ ಹಾಕಿ ತಲೆದಿಂಬಿನ ಕೆಳಗೆ ಇಟ್ಟುಕೊಂಡ.

ಅದೇ ಸಂಜೆ ಹಜರಾಬಿ ಬಂದಳು. ಕೌದಿಯ ಬಿಚ್ಚಿದ ಅಂಚನ್ನು ಸರಿಮಾಡುವ ನೆವದಲ್ಲಿ ಕುಳಿತು, ಅತ್ತಿತ್ತ ನೋಡಿ, ಕಣ್ಣೀರು ತೆಗೆದು ಹೇಳಿದಳು: "ಧರ್ಮಣ್ಣಾ, ಖುದಾ ನೋಡ್ಯಾನ. ನಾ ತೊಗರಿ ಹಾಕೀನಿ."

ಧರ್ಮಣ್ಣ ಅವಳ ಬೆರಳಿನ ಗಾಯ ನೋಡಿದ. "ಹೌದೇನವಾ," ಎಂದ.

ಮರುದಿನ ದೊಡ್ಡಪ್ಪ. ಆತ ಕೂಡಲಿಲ್ಲ, ನಿಂತೇ ಹೇಳಿದ. ಈ ಮಂದಿಯನ್ನು ನಂಬಬಾರದು, ತನ್ನ ಹೊಲದಲ್ಲಿ ದುಡಿದವರೇ ತನ್ನನ್ನು ಬಿಟ್ಟು ಹೋದದ್ದು ನೆನಪಿದೆ, ಆದರೆ ನಾಲ್ಕು ಮಂದಿಯಾದರೂ ನಿನ್ನ ಕಡೆ ಇರಬೇಕು, ಅದರಲ್ಲಿ ನಾನೊಬ್ಬ ಎಂದ. ಧರ್ಮಣ್ಣ ಹೌದೆಂದ.

ಹದಿನೈದು ದಿನದೊಳಗೆ ಏಳು ಮಂದಿ ಬಂದು ಹೋದರು. ಒಬ್ಬಳು ಬೆಲ್ಲದ ತುಂಡು ತಂದಳು. ಒಬ್ಬ ತನ್ನ ಕಂಬಳಿ ಹೊದಿಸಿದ. ಎಲ್ಲರೂ ತಗ್ಗಿದ ದನಿಯಲ್ಲಿ, ಜೋಳ ಹಾಕಿದವರು ಇಂಥವರೇ ಎಂದು ಬೇರೆಯವರ ಹೆಸರು ತೆಗೆದು, ಕೊನೆಗೆ ತನ್ನದು ತೊಗರಿ ಎಂಬ ಅದೇ ಮಾತು ಹೇಳಿದರು. ಎಷ್ಟಕ್ಕೆ ಎಷ್ಟು ಎಂದು ಹೇಳದ ತನ್ನ ಪದ್ಧತಿಯೇ ಅವರಿಗೆ ಈ ಧೈರ್ಯ ಕೊಟ್ಟಿದೆ ಎಂಬುದು ಧರ್ಮಣ್ಣನಿಗೆ ಗೊತ್ತಿತ್ತು. ಮೊದಲ ದಿನ ಅವರು ಕಾಳು ಬಿಟ್ಟಾಗ ಆಗದಷ್ಟು ಉರಿ, ಈಗ ಅವರು ಬಂದು ಸಮಾಧಾನ ಹೇಳಿದಾಗ ಆಯಿತು. ಊಟ ಅರ್ಧಕ್ಕೆ ಬಿಡತೊಡಗಿದ.

ರಸೂಲ ಎಂಟು ದಿನ ಚೌಕಾಬಾರಾಕ್ಕೆ ಬರಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದ. ಒಂಬತ್ತನೆಯ ದಿನ ಬಂದು, ಮನೆ ಗೀರಿ, ಕವಡೆ ಕುಲುಕಿ, ಆಟ ಅರ್ಧವಾದಾಗ ಕೈ ನಿಲ್ಲಿಸಿದ.

"ನನ್ನ ಮ್ಯಾಲ ಏನಾರ ಸಂಶೆ ಅದ ಏನು ನಿನಗ?"

"ಯಾಕ?"

"ಮಾರಿ ಹಂಗ ಮಾಡೀದಿ. ನಂದು ತೊಗರಿ ಇತ್ತಪಾ. ನಾ ಹಾಕಲಿಲ್ಲಂದ್ರ ಮತ್ಯಾರು ಹಾಕ್ತಾರ?"

ಧರ್ಮಣ್ಣ ಕವಡೆ ತೆಗೆದುಕೊಂಡು ಎಸೆದ. ಮೂರು ಬಿತ್ತು. "ನೀ ಆಡು," ಎಂದ. ರಸೂಲನಿಗೆ ಎಂಟು ಬಿತ್ತು. ಇಬ್ಬರೂ ನಗಲಿಲ್ಲ.

ಗಾರೆ ಕೆಲಸದವರು ಬಂದರು. ಹಿತ್ತಿಲಲ್ಲಿ ಗುಂಡಿ ತೋಡಿದರು, ಶಹಾಬಾದ ಫರಸಿ ಕಲ್ಲು ಇಳಿಸಿದರು. ಹೆಂಗಸರು ಮಧ್ಯಾಹ್ನ ಕಾಳು ಹಸನು ಮಾಡುವುದನ್ನು ಬಿಟ್ಟು ಅಲ್ಲಿ ಹೋಗಿ ನಿಲ್ಲುತ್ತಿದ್ದರು. ಗೋಡೆ ಏರಿದಂತೆ ಅವರ ಮಾತು ಜೋರಾಯಿತು, ನಗುವೂ ಕೇಳತೊಡಗಿತು. ಪಡಸಾಲೆಗೆ ಬಂದಾಗ ಮಾತ್ರ ದನಿ ಇಳಿಸುತ್ತಿದ್ದರು. ಒಂದು ದಿನ ಗುರಣ್ಣ ಮೇಸ್ತ್ರಿಯನ್ನು ಕರೆದುಕೊಂಡು ಹೊರಸಿನ ಹತ್ತಿರ ಬಂದ. ಕೈ ಹಿಡಿಕೆ ಎಷ್ಟು ಎತ್ತರಕ್ಕೆ ಕೂರಿಸಬೇಕು ಎಂಬುದು ಪ್ರಶ್ನೆ. ಅರ್ಜಿಯಲ್ಲಿ ಅಳತೆ ಇರಲಿಲ್ಲ.

"ನನ್ನ ಕೇಳಾಕತ್ತೀಯೇನು?" ಎಂದ ಧರ್ಮಣ್ಣ.

ಗುರಣ್ಣನ ಮುಖ ಕೆಂಪಾಯಿತು. "ನಿಮಗ ಬಿಟ್ಟು ಯಾರಿಗಿ ಕೇಳ್ಲಿ ಕಾಕಾ? ನಾ ಪತ್ರ ಬರೀತೇನಿ ಅಂದೆ. ಗಡಿಗಿ ಇಡು ಅಂದವರು ನೀವು. ಈಗ ನನ್ನ ಹಿಂಗ ನೋಡಬ್ಯಾಡ್ರಿ."

ಅದು ನಿಜವೇ ಆಗಿತ್ತು. ಧರ್ಮಣ್ಣ ಮೇಸ್ತ್ರಿಯ ಕಡೆ ನೋಡಿ ಹೇಳಿದ: "ಎರಡು ಫೂಟು. ನಿಂತವರ ಕೈಗಲ್ಲ, ಕುಂತವರ ಕೈಗಿ ಸಿಗಬೇಕು. ಏಳೋ ಮುಂದ ಬೇಕಾಗ್ತದ ಅದು."

ಗೊಬ್ಬೂರಿನಲ್ಲಿದ್ದ ಧರ್ಮಣ್ಣನ ತಮ್ಮನ ಮಗ ಭಗವಂತನಿಗೆ ಗುರಣ್ಣ ಕಾರ್ಡು ಹಾಕಿದ. ಆರು ವರ್ಷದಲ್ಲಿ ಒಂದು ಸಲ ಬಂದಿದ್ದವನು ಆತ. ಕೆಟ್ಟವನಲ್ಲ, ಐದು ಮಕ್ಕಳು, ಎರಡು ಖೋಲಿ. ಶಿವರಾತ್ರಿ ಕಳೆದ ಬುಧವಾರ ಟೆಂಪೋ ಮಾಡಿಕೊಂಡು ಬರುತ್ತೇನೆ, ಎತ್ತಿನ ಕೊಟ್ಟಿಗೆಯ ಪಕ್ಕದಲ್ಲಿ ಜಾಗ ಮಾಡಿದ್ದೇವೆ ಎಂದು ಉತ್ತರ ಬರೆಸಿದ. ಆ ಕಾರ್ಡು ಓದಿ ಮುಗಿಸಿದ ರಾತ್ರಿ ಮೂಲೆಯ ಖೋಲಿಯಲ್ಲಿ ಗಂಡ ಹೆಂಡತಿ ಜಗಳವಾಡಿದ್ದು ಪಡಸಾಲೆಗೆ ಕೇಳಿಸಿತು. ಕೊಟ್ಟಿಗೆಯಲ್ಲಿ ಬಟ್ಟೆ ಒಗೆಯುವವರು ಯಾರು ಎಂದು ಶರಣಬಸಮ್ಮ ಕೇಳುತ್ತಿದ್ದಳು. ಕಾಳು ಬಿದ್ದಾಗಿದೆ ಎಂದು ಗುರಣ್ಣ ಹೇಳುತ್ತಿದ್ದ. ನಮಗೆ ಕಾಳೇ ಇರಲಿಲ್ಲವಲ್ಲ ಎಂದಳು ಅವಳು.

ತೊಗರಿ ಹಾಕಿದೆ ಎಂದು ಹೇಳಲು ಬಾರದೆ ಉಳಿದವರು ನಾಲ್ವರು. ಅವರಲ್ಲಿ ಮಲ್ಕಮ್ಮ ಒಬ್ಬಳು. ಮೂರು ಹೊತ್ತು ಬರುತ್ತಿದ್ದಳು, ಹಾಲು ರೊಟ್ಟಿ ಮುರಿದು ಕೊಡುತ್ತಿದ್ದಳು, ಆದರೆ ಆ ಮಾತು ತೆಗೆಯಲಿಲ್ಲ. ಅವಳ ಬಾಯಿಂದಲೂ ಆ ಸುಳ್ಳು ಬಂದರೆ ಅವಳ ಕೈಯ ತುತ್ತು ಇಳಿಯದು ಎಂದು ಧರ್ಮಣ್ಣನಿಗೆ ಭಯವಿತ್ತು. ದಿನ ಕಳೆದಂತೆ ಭಯ ಹೋಗಿ, ಅವಳು ಬಂದು ಸುಳ್ಳಾದರೂ ಹೇಳಬಾರದೇ ಎಂದು ಅನಿಸತೊಡಗಿತು.

ಹೊರಡುವ ಹಿಂದಿನ ದಿನ ನಳಕ್ಕೆ ನೀರು ಬಿಟ್ಟರು. ಟಾಕಿ ತುಂಬಿ ಚೆಲ್ಲಿದ ಸದ್ದು ಪಡಸಾಲೆಗೂ ಬಂತು. ಹೆಂಗಸರು ಸಂಡಾಸದ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಲೋ ಬೇಡವೋ ಎಂದು ಚರ್ಚೆ ಮಾಡಿ, ನಕ್ಕು, ಕೊನೆಗೆ ನಳಕ್ಕೆ ಹಚ್ಚಿದರು. ಮಧ್ಯಾಹ್ನ ಮಲ್ಕಮ್ಮ ತಾಟು ತಂದಾಗ ಧರ್ಮಣ್ಣ ಬಾಯಿ ತೆರೆಯಲಿಲ್ಲ.

"ಊಟ ಮಾಡ ಅಣ್ಣಾ. ನಾಳಿ ದೂರದ ಹಾದಿ."

"ಏಳು ಮಂದಿ ಬಂದು ತೊಗರಿ ಹಾಕೀವಿ ಅಂದ್ರು. ನೀ ಏನೂ ಅನ್ನಲಿಲ್ಲಲ್ಲ ತಂಗಿ."

ಮಲ್ಕಮ್ಮ ತಾಟು ಕೆಳಗಿಟ್ಟಳು. "ಏನಂತ ಅನ್ಲಿ? ನಂದು ಜ್ವಾಳ."

ಗೊತ್ತಿದ್ದ ಮಾತೇ. ಆದರೂ ಧರ್ಮಣ್ಣ ಕೌದಿಯನ್ನು ಎದೆಯ ತನಕ ಎಳೆದುಕೊಂಡ.

"ನನ್ನ ಹೇಲು ಬಳದಾಕಿ ನೀ," ಎಂದ. "ಬ್ಯಾಸರ ಬಂದಿತ್ತಂದ್ರ ಹೇಳಬಾರದೇನು?"

"ಬ್ಯಾಸರ ಬಂದು ಹಾಕಲಿಲ್ಲ." ಅವಳು ದನಿ ಏರಿಸಲಿಲ್ಲ. "ನಾ ಮಧ್ಯಾಹ್ನದ ಮ್ಯಾಲ ನೀರು ಕುಡದು ಆರು ವರ್ಷ ಆಯ್ತು. ಕುಡದ್ರ ಬೆಳಕಿನ್ಯಾಗ ಎಲ್ಲಿಗಿ ಹೋಗ್ಲಿ? ನೀವು ಗಂಡಸರು ಗ್ವಾಡಿ ಮರಿಗಿ ನಿಂತು ಬರ್ತೀರಿ. ಹಜರಾಬಿ ಬ್ಯಾಸಗ್ಯಾಗ ಎರಡು ಸಲ ಎಚ್ಚರ ತಪ್ಪಿ ಬಿದ್ಲು, ಬಿಸಲು ಅಂದ್ರಿ ನೀವು. ಬಿಸಲಲ್ಲ ಅದು, ನೀರಿಲ್ಲದ್ದು. ನಿನ್ನ ಅರ್ಜ್ಯಾಗ ಎಷ್ಟು ಲಾರಿ ಹೋಗ್ತಾವ ಅದೆಲ್ಲ ಇತ್ತು ಅಣ್ಣಾ. ಇದು ಇರಲಿಲ್ಲ."

"ನೀ ಹೇಳಲಿಲ್ಲ."

"ನೀ ಕೇಳಲಿಲ್ಲ."

ಹಿತ್ತಿಲಲ್ಲಿ ಯಾರೋ ನಳ ಬಿಚ್ಚಿ ಮುಚ್ಚಿ ಮಾಡುತ್ತಿದ್ದರು. ಅವಳ ಮಾತು ನಿಜವೆಂದು ಆತನಿಗೆ ಗೊತ್ತಾಯಿತು. ಹಾಗೆಂದು ಅದರಿಂದ ಎದೆಯೊಳಗಿನ ಉರಿ ಕಡಿಮೆಯೂ ಆಗಲಿಲ್ಲ.

"ನಿನ್ನ ಕಳಸಬೇಕಂತ ಹಾಕಲಿಲ್ಲ," ಎಂದಳು ಮಲ್ಕಮ್ಮ. "ಉಳದವರು ಹಾಕ್ತಾರ ತೊಗರಿ, ನನ್ನದೊಂದು ಜ್ವಾಳ ಬಿದ್ರ ಏನಾಗ್ತದ, ನಮ್ಮ ತ್ರಾಸ ಯಾರಿಗಾರ ಗೊತ್ತಾಗ್ಲಿ ಅಂದುಕೊಂಡೆ. ಅಷ್ಟೇ." ಸೆರಗಿನಿಂದ ಕೈ ಒರೆಸಿಕೊಂಡು ಹಾಲು ರೊಟ್ಟಿಯ ತುತ್ತು ಎತ್ತಿ ಹಿಡಿದಳು. "ತಿನ್ನು. ಬೈಯೋದಿದ್ರ ತಿಂದು ಬೈಯಿ."

ಧರ್ಮಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ಬಹಳ ಹೊತ್ತು ತುತ್ತು ಹಿಡಿದೇ ಕುಳಿತಳು. ಕೊನೆಗೆ ಆತ ಹೊರಳಿ ಬಾಯಿ ತೆರೆದ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಟೆಂಪೋ ಬಂತು. ಭಗವಂತ ಹಿಂದೆ ಹುಲ್ಲು ಹಾಸಿ, ಅದರ ಮೇಲೆ ಹಾಸಿಗೆ ಹಾಕಿಸಿದ್ದ. ಗುರಣ್ಣ, ರಸೂಲ ಮತ್ತು ಇನ್ನಿಬ್ಬರು ಹೊರಸಿನ ಸಮೇತ ಎತ್ತಿದರು. ಹನ್ನೊಂದು ಮಂದಿಯೂ ಟೆಂಪೋದ ಸುತ್ತ ನಿಂತಿದ್ದರು. ಹಜರಾಬಿ ಅಳುತ್ತಿದ್ದಳು. ಶರಣಬಸಮ್ಮ ಒಗೆದ ಬಟ್ಟೆಯ ಗಂಟನ್ನು ಕಾಲ ಹತ್ತಿರ ಇಟ್ಟು, ಯಾರ ಮುಖವನ್ನೂ ನೋಡದೆ ಕೆಳಗಿಳಿದಳು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಗಡಿಗೆ ಹಾಕಿಕೊಟ್ಟವನನ್ನು ಈ ಮನೆ ಮರೆಯುವುದಿಲ್ಲ, ಇನ್ನು ಮುಂದೆ ಎಣಿಸುವವರು ಯಾರು ಎಂಬುದೇ ಚಿಂತೆ ಎಂದ.

"ಅದೂ ಖರೇ," ಎಂದ ರಸೂಲ. ಆತ ಟೆಂಪೋದ ಪಕ್ಕದ ತಗಡು ಹಿಡಿದು ನಿಂತಿದ್ದ. "ಯಾರಿಗಿ ಬರ್ತದ ಅದು?"

"ಮಲ್ಕವ್ವಗ ಕಲಿಸ್ತೇನಿ," ಎಂದ ಧರ್ಮಣ್ಣ. "ತಂಗಿ, ಇಲ್ಲಿ ಬಾ."

ಮಲ್ಕಮ್ಮ ರೊಟ್ಟಿಯ ಗಂಟು ಹಿಡಿದು ಹತ್ತಿರ ಬಂದಳು. ಆತ ತಲೆದಿಂಬಿನ ಕೆಳಗಿಂದ ಸುಣ್ಣದ ಡಬ್ಬಿ ತೆಗೆದು ಅವಳ ಅಂಗೈಯಲ್ಲಿ ಸುರುವಿದ.

"ಇವು ನನ್ನ ಬಾಬತ್ತು ಬಿದ್ದ ಕಾಳು. ಎಣಸು. ಬಾಯಿ ಬಿಟ್ಟು ಎಣಸು, ಎಲ್ಲಾರಿಗೂ ಕೇಳಬೇಕು."

ಗುರಣ್ಣ ಒಂದು ಹೆಜ್ಜೆ ಮುಂದೆ ಬಂದ. "ಕಾಕಾ, ಎಷ್ಟಕ್ಕ ಎಷ್ಟು ಅಂತ ಹೇಳೂದು ಇಲ್ಲಲ್ರಿ."

"ಪದ್ಧತಿ ಮಾಡಿದಾವ ನಾ. ಮುರಿಯೋದು ನಂಗೇ ಇರ್ಲಿ. ಎಣಸು ತಂಗಿ."

ಮಲ್ಕಮ್ಮ ಎಣಿಸಿದಳು. ಶಾಲೆ ಕಾಣದವಳು, ರೊಟ್ಟಿ ಎಣಿಸಿದ ಹಾಗೆ ಎಣಿಸಿದಳು. ಒಂದು ಜ್ವಾಳ. ಎರಡು ಜ್ವಾಳ. ಐದರ ತನಕ ಹಜರಾಬಿ ಅಳುತ್ತಿದ್ದಳು. ಎಂಟಕ್ಕೆ ಅಳು ನಿಂತಿತು. ಒಂಬತ್ತಕ್ಕೆ ದೊಡ್ಡಪ್ಪ ಬೇವಿನ ಗಿಡದ ಕಡೆ ನೋಡಿದ.

"ಹನ್ನೊಂದು ಜ್ವಾಳ," ಎಂದಳು ಮಲ್ಕಮ್ಮ. ಉಳಿದ ಕಾಳನ್ನು ಬೆರಳಲ್ಲಿ ಹೊರಳಿಸಿ ನೋಡಿದಳು. "ಒಂದು ತೊಗರಿ."

ರಸೂಲನ ಕೈ ತಗಡಿನಿಂದ ಜಾರಿತು. ಆ ಒಂದು ಯಾರದು ಎಂದು ಯಾರೂ ಕೇಳಲಿಲ್ಲ. ಒಬ್ಬರು ಇನ್ನೊಬ್ಬರ ಮುಖವನ್ನೂ ನೋಡಲಿಲ್ಲ. ಏನಾಯಿತೆಂದು ತಿಳಿಯದ ಭಗವಂತ, ಬಿಸಿಲೇರುವುದರೊಳಗೆ ಊರು ಮುಟ್ಟಬೇಕು, ಹೊರಡೋಣವೇ ಎಂದ.

ಮಲ್ಕಮ್ಮ ಜೋಳದ ಕಾಳುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಧರ್ಮಣ್ಣನ ಅಂಗೈ ಬಿಡಿಸಿ, ತೊಗರಿ ಕಾಳನ್ನು ಅದರೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಇದು ನಿಂದು," ಎಂದಳು. "ಒಯ್ಯಿ."